ಸೋಮವಾರ ಬೆಳಿಗ್ಗೆ ಏನು ಉಳಿಯಿತು?

ವಾರಾಂತ್ಯದ ಸಂಗೀತೋತ್ಸವ ಎಂದರೆ ನಮ್ಮ ಸಾಹಿತ್ಯ ವಲಯದಲ್ಲಿ ಒಂದು ಸಿದ್ಧ ಉತ್ತರವಿದೆ: ಹೊಟ್ಟೆ ತುಂಬಿದವರ ಗದ್ದಲ. ಗಿಟಾರು, ಡ್ರಮ್ಸು, ಬಿಯರು, ಸೆಲ್ಫಿ. ನಾನು ಹೋರಾಟದ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಚಾರ ಸಂಕಿರಣವೊಂದರಲ್ಲಿ ಅಮೆರಿಕದ ‘ಫಾರ್ಮ್ ಏಡ್’ ಉತ್ಸವದ ಹೆಸರೆತ್ತಿದಾಗ ಹಿರಿಯರೊಬ್ಬರು, “ರಾಕ್ ಕೇಳಿ ಯಾವ ರೈತನ ಸಾಲ ತೀರಿದೆಯಮ್ಮಾ?” ಎಂದರು. ಸಭೆ ನಕ್ಕಿತು. ಪ್ರಶ್ನೆ ಒಳ್ಳೆಯದೇ. ಅದಕ್ಕೆ ಉತ್ತರವೇ ಬೇಡವೆಂಬಂತೆ ನಕ್ಕ ಆ ನಗುವಿನ ಬಗ್ಗೆ ನನ್ನ ತಕರಾರು.

ಫಾರ್ಮ್ ಏಡ್ ಹುಟ್ಟಿದ್ದೇ ಒಂದು ಕಿರಿಕಿರಿಯಿಂದ. 1985ರ ಜುಲೈ 13ರಂದು ಇಥಿಯೋಪಿಯಾದ ಬರಗಾಲದ ಪರಿಹಾರಕ್ಕಾಗಿ ಲಂಡನ್ ಮತ್ತು ಫಿಲಡೆಲ್ಫಿಯಾದಲ್ಲಿ ‘ಲೈವ್ ಏಡ್’ ನಡೆಯಿತು. ಆ ವೇದಿಕೆಯ ಮೇಲೆ ಬಾಬ್ ಡಿಲನ್, ಈ ಹಣದಲ್ಲಿ ಸ್ವಲ್ಪವನ್ನು ನಮ್ಮ ರೈತರು ಬ್ಯಾಂಕಿಗೆ ಅಡವಿಟ್ಟ ಹೊಲ ಬಿಡಿಸಲು ಕೊಡಬಾರದೇ ಎಂಬರ್ಥದ ಮಾತಾಡಿದರು. ಸಂಘಟಕ ಬಾಬ್ ಗೆಲ್ಡಾಫ್‌ಗೆ ಅದು ಹಿಡಿಸಲಿಲ್ಲ. ಹಸಿದು ಸಾಯುತ್ತಿರುವವರ ಮುಂದೆ ಅಡಮಾನದ ಮಾತೇ ಎಂಬ ಅವರ ಸಿಟ್ಟಿನಲ್ಲೂ ನ್ಯಾಯವಿತ್ತು. ಆದರೆ ವಿಲ್ಲಿ ನೆಲ್ಸನ್ ಆ ಮಾತನ್ನು ಬಿಡಲಿಲ್ಲ. ನೀಲ್ ಯಂಗ್ ಮತ್ತು ಜಾನ್ ಮೆಲೆನ್‌ಕ್ಯಾಂಪ್ ಜೊತೆ ಸೇರಿ ಹತ್ತೇ ವಾರಗಳಲ್ಲಿ, ಸೆಪ್ಟೆಂಬರ್ 22ರ ಭಾನುವಾರ, ಇಲಿನಾಯ್ ರಾಜ್ಯದ ಶಾಂಪೇನ್ ಊರಿನ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಸುಮಾರು 80,000 ಜನರನ್ನು ಸೇರಿಸಿದರು.

ಅಂದು ಹಾಡಿದವರ ಪಟ್ಟಿಯೇ ಒಂದು ವಾದ. ಜಾನಿ ಕ್ಯಾಶ್, ಲೊರೆಟ್ಟಾ ಲಿನ್, ಮರ್ಲ್ ಹ್ಯಾಗರ್ಡ್ ಒಂದೆಡೆ. ಲೂ ರೀಡ್, ಟಾಮ್ ಪೆಟ್ಟಿ, ಬಾನ್ ಜೋವಿ, ಎಡ್ಡಿ ವ್ಯಾನ್ ಹೇಲನ್ ಇನ್ನೊಂದೆಡೆ. ವಿಯೆಟ್ನಾಂ ಯುದ್ಧದ ಕಾಲದಿಂದ ಕಂಟ್ರಿ ಮತ್ತು ರಾಕ್ ಕೇಳುಗರ ನಡುವೆ ಬೇಲಿಯೇ ಎದ್ದಿತ್ತು. ಒಂದು ಕಡೆ ಕೌಬಾಯ್ ಟೋಪಿ, ಬೈಬಲ್, ದೇಶಭಕ್ತಿ. ಇನ್ನೊಂದು ಕಡೆ ಉದ್ದ ಕೂದಲು, ಗಾಂಜಾ, ಯುದ್ಧವಿರೋಧ. ಇದೇ ಹ್ಯಾಗರ್ಡ್ 1969ರಲ್ಲಿ ಹಿಪ್ಪಿಗಳನ್ನು ಲೇವಡಿ ಮಾಡಿದ ಹಾಡಿನಿಂದ ಮನೆಮಾತಾಗಿದ್ದರು. ನೆಲ್ಸನ್ ಮಾತ್ರ ನ್ಯಾಶ್‌ವಿಲ್ ತೊರೆದು ಟೆಕ್ಸಾಸ್‌ಗೆ ಮರಳಿ, 1973ರಿಂದ ಜುಲೈ 4ರ ‘ಪಿಕ್‌ನಿಕ್’ಗಳಲ್ಲಿ ಈ ಎರಡೂ ಗುಂಪುಗಳನ್ನು ಒಂದೇ ಬಯಲಲ್ಲಿ ಕೂರಿಸಿದ್ದರು. ಫಾರ್ಮ್ ಏಡ್ ಆ ಬೇಲಿಯನ್ನು ದೇಶದೆದುರೇ ಕಿತ್ತಿತು. ರೈತನ ಸಂಗೀತ ಕಂಟ್ರಿ ಎಂದಾದರೆ, ರೈತನ ಸಂಕಟ ಬರೀ ಕಂಟ್ರಿಯವರದಲ್ಲ ಎಂದು ಹೇಳಿತು.

ಆ ಸಂಕಟವಾದರೂ ಏನು? 1970ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಬೇಲಿಯಿಂದ ಬೇಲಿಯವರೆಗೆ ಬಿತ್ತಿ, ದೊಡ್ಡದಾಗಿ ಬೆಳೆಯಿರಿ ಎಂದು ರೈತರನ್ನು ಹುರಿದುಂಬಿಸಿತ್ತು. ಭೂಮಿಯ ಬೆಲೆ ಏರಿತು, ಅದನ್ನೇ ನಂಬಿ ಬ್ಯಾಂಕುಗಳು ಸಾಲ ಕೊಟ್ಟವು. ಹಣದುಬ್ಬರ ತಗ್ಗಿಸಲೆಂದು 1979ರಿಂದ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತು. 1980ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಕಳಿಸುವುದಕ್ಕೆ ತಡೆ ಬಿತ್ತು. ಬೆಳೆಯ ಬೆಲೆ ಕುಸಿಯಿತು, ಭೂಮಿಯ ಬೆಲೆಯೂ ಬಿತ್ತು, ಸಾಲ ಮಾತ್ರ ಹಾಗೇ ನಿಂತಿತು. ತಲೆಮಾರುಗಳಿಂದ ಉತ್ತ ಹೊಲಗಳು ಹರಾಜಿಗೆ ಬಂದವು. ಬಡ್ಡಿದರ ನಿರ್ಧರಿಸಿದವರು ಎಲ್ಲೋ ಇದ್ದರು. ನಾನೇ ಲೆಕ್ಕ ತಪ್ಪಿದೆ ಎಂದು ತಲೆತಗ್ಗಿಸಿದವನು ರೈತ. ಸಾಲ ಎಲ್ಲ ಕಡೆಯೂ ಮೊದಲು ಮರ್ಯಾದೆಯ ವಿಷಯ, ಲೆಕ್ಕದ ವಿಷಯ ಆಮೇಲೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅಂದು ಕೂಡಿದ್ದು ಸುಮಾರು 90 ಲಕ್ಷ ಡಾಲರ್. ಆಗ ಅಮೆರಿಕದ ಒಟ್ಟು ಕೃಷಿ ಸಾಲ ಸುಮಾರು 20,000 ಕೋಟಿ ಡಾಲರ್. ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಆಗಲಿಲ್ಲ. ದಾನದ ಲೆಕ್ಕದಲ್ಲಿ ಫಾರ್ಮ್ ಏಡ್ ಸೋತಿತು ಎನ್ನಿ, ಒಪ್ಪುತ್ತೇನೆ. ಆದರೆ ಉತ್ಸವವನ್ನು ಭಾನುವಾರದ ಗಲ್ಲಾಪೆಟ್ಟಿಗೆಯಿಂದ ಅಳೆಯಬಾರದು, ಸೋಮವಾರ ಏನು ಉಳಿಯಿತು ಎಂಬುದರಿಂದ ಅಳೆಯಬೇಕು. ಉಳಿದದ್ದು ಇಷ್ಟು: ಸಾಲದಲ್ಲಿ ಮುಳುಗಿದ ರೈತ ಕರೆ ಮಾಡಿ ಸಲಹೆ ಕೇಳಬಹುದಾದ ಒಂದು ದೂರವಾಣಿ ಸಂಖ್ಯೆ. ಹಳ್ಳಿಗಾಡಿನ ಚಿಕ್ಕ ರೈತ ಸಂಘಟನೆಗಳಿಗೆ ನೆರವು. 1987ರಲ್ಲಿ ನೆಲ್ಸನ್ ಮತ್ತು ಮೆಲೆನ್‌ಕ್ಯಾಂಪ್ ರೈತರನ್ನು ಕರೆದುಕೊಂಡು ಅಮೆರಿಕದ ಸಂಸತ್ತಿನ ಮುಂದೆ ಹೋದರು. ಆ ವರ್ಷದ ಕೃಷಿ ಸಾಲ ಕಾಯ್ದೆ, ಹೊಲ ಜಪ್ತಿ ಮಾಡುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವುದಾದರೆ ಸಾಲವನ್ನೇ ಮರುಹೊಂದಿಸಿ ಎಂದು ಸರ್ಕಾರಿ ಸಾಲ ಸಂಸ್ಥೆಗೆ ಕಟ್ಟುಮಾಡಿತು. ಗಿಟಾರೇ ಕಾಯ್ದೆ ತಂದಿತು ಎಂದು ನಾನು ಹೇಳುತ್ತಿಲ್ಲ. ಬೀದಿಗಿಳಿದ ರೈತರ ದನಿ ದೊಡ್ಡದಾಗಲು ಗಿಟಾರೂ ನೆರವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಈ ಉತ್ಸವ ಮಿನಿಯಾಪೊಲಿಸ್‌ನಲ್ಲಿ ನಲವತ್ತು ವರ್ಷ ತುಂಬಿಸಿಕೊಂಡಿತು.

ಫಾರ್ಮ್ ಏಡ್‌ಗೆ ಕೇಳಬೇಕಾದ ಕಟುವಾದ ಪ್ರಶ್ನೆ ಬೇರೆಯೇ ಇದೆ. ಅಲ್ಲಿ ‘ರೈತ’ ಎಂದಾಗ ಕಣ್ಣ ಮುಂದೆ ಬರುತ್ತಿದ್ದವನು ಯಾರು? ಹೆಚ್ಚಾಗಿ ಸ್ವಂತ ಹೊಲವಿದ್ದ ಬಿಳಿಯ. ಅದೇ ವೇದಿಕೆಯಲ್ಲಿ ಹಾಡಿದ ಚಾರ್ಲಿ ಪ್ರೈಡ್ ಮಿಸಿಸಿಪ್ಪಿಯ ಕಪ್ಪು ಗೇಣಿದಾರರ ಮಗ, ಬಿ.ಬಿ. ಕಿಂಗ್ ಹತ್ತಿ ಹೊಲದಲ್ಲಿ ದುಡಿದವರು. ಸಾಲ ಕೊಡುವಾಗ ಕೃಷಿ ಇಲಾಖೆ ಬಣ್ಣ ನೋಡಿತು ಎಂದು ಕಪ್ಪು ರೈತರು ಹೂಡಿದ ಪಿಗ್‌ಫೋರ್ಡ್ ಮೊಕದ್ದಮೆ ಇತ್ಯರ್ಥಕ್ಕೆ ಬಂದಿದ್ದು 1999ರಲ್ಲಿ. ಕಂಟ್ರಿ ಹಾಡುಗಳು ಹಂಬಲಿಸುವ ಆ ಚೆಂದದ ಹಳ್ಳಿಯಲ್ಲಿ ಇವರ ಮನೆ ಎಲ್ಲಿತ್ತು? ಈ ಪ್ರಶ್ನೆ ಏಳಬೇಕಾದರೆ ಮೊದಲು ಹಾಡನ್ನು ಕೇಳಿಸಿಕೊಳ್ಳಬೇಕು. ನಕ್ಕು ಎದ್ದುಹೋಗುವವರು ಇಲ್ಲಿಯವರೆಗೆ ಬರುವುದೇ ಇಲ್ಲ.

ನಗುವ ನಾವಾದರೂ ಯಾರು? 1980ರಲ್ಲಿ ನರಗುಂದದ ಗೋಲಿಬಾರ್ ರೈತ ಚಳವಳಿಗೆ ಕಿಚ್ಚು ಹಚ್ಚಿದ ನಾಡಿನವರು. ಸಿದ್ಧಲಿಂಗಯ್ಯನವರ ಕವಿತೆಗಳು ಮೆರವಣಿಗೆಯ ಹಾಡಾಗಿದ್ದನ್ನು, ‘ಸಮುದಾಯ’ದ ಜಾಥಾಗಳು ಊರೂರು ಸುತ್ತಿದ್ದನ್ನು ಪಿಎಚ್.ಡಿ. ವಿಷಯ ಮಾಡಿಕೊಂಡವರು. ತಮಟೆ ಹಿಡಿದರೆ ಹೋರಾಟ, ಎಲೆಕ್ಟ್ರಿಕ್ ಗಿಟಾರ್ ಹಿಡಿದರೆ ಮೋಜು ಎಂದು ತೀರ್ಪು ಕೊಡಲು ನಮಗೆ ಕಾರಣ ಬೇಕಿಲ್ಲ, ಅಭ್ಯಾಸ ಸಾಕು. ಇತ್ತ ನಮ್ಮ ಸಾಹಿತ್ಯ ಉತ್ಸವಗಳಲ್ಲೇ ಹಾಡಿನ ಸ್ಥಾನ ಊಟದೆಲೆಯ ತುದಿಯ ಉಪ್ಪಿನಕಾಯಿ: ಗೋಷ್ಠಿಗಳು ಮುಗಿದು, ಜನ ಕುರ್ಚಿ ಬಿಟ್ಟೇಳುವ ಹೊತ್ತಿಗೆ ಅರ್ಧ ಗಂಟೆ. ನಮ್ಮ ಕವಿತೆಗಳಲ್ಲಿ ರೈತ ಧಾರಾಳವಾಗಿದ್ದಾನೆ. ಮಣ್ಣಿನ ವಾಸನೆ, ಮೋಡ, ಬಿರುಕುಬಿಟ್ಟ ಪಾದ ಎಲ್ಲ ಇವೆ. ಬ್ಯಾಂಕಿನ ನೋಟಿಸ್ ಸಿಗುವುದು ಅಪರೂಪ. ಮೆಲೆನ್‌ಕ್ಯಾಂಪ್ 1985ರ ‘ಸ್ಕೇರ್‌ಕ್ರೋ’ ಆಲ್ಬಮ್ಮನ್ನು ಶುರುಮಾಡಿದ್ದೇ ಜಪ್ತಿಯಾದ ಹೊಲದ ಹಾಡಿನಿಂದ.

ಕಾಲೇಜು ಫೆಸ್ಟ್‌ಗಳಿಗೆ ಬ್ಯಾಂಡ್ ಕರೆಸುವ ಗೆಳೆಯರಿಗೆ ಒಂದು ಮಾತು. ಕರೆಸಿ, ಜೋರಾಗಿಯೇ ನುಡಿಸಲಿ. ಆದರೆ ಊಟದ ಮಳಿಗೆಗಳ ಪಕ್ಕದಲ್ಲಿ ಒಂದು ಮೇಜು ಹಾಕಿ, ಸಾಲದ ಕಾಗದ ಓದಿ ಅರ್ಥ ಹೇಳಬಲ್ಲ ಒಬ್ಬ ವಕೀಲರನ್ನು ಕೂರಿಸಿ. ನಮ್ಮ ಕ್ಯಾಂಪಸ್ಸುಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಅಂಥ ಕಾಗದವಿರುವ ಮನೆಗಳಿಂದಲೇ ಬಂದಂತಿದೆ. ಅವರ ಅಪ್ಪ ಅಮ್ಮ ಕರೆ ಮಾಡಬಹುದಾದ ಒಂದು ಸಂಖ್ಯೆಯನ್ನು ವೇದಿಕೆಯ ಹಿಂದಿನ ಪರದೆಯ ಮೇಲೆ ದೊಡ್ಡದಾಗಿ ಬರೆಸಿ. ಸೋಮವಾರ ಆ ಫೋನ್ ಎತ್ತಲು ಯಾರಾದರೂ ಇರಲಿ.