ಪದಕ್ಕೆ 50 ಪೈಸೆ, ಅದೂ ಬಾಕಿ!

ಬಿಇ ಐದನೇ ಸೆಮಿಸ್ಟರ್‌ಗೆ ಬರುವಷ್ಟರಲ್ಲಿ ನಮ್ಮ ಹಾಸ್ಟೆಲ್‌ನ ಅರ್ಧ ಕಾರಿಡಾರ್ ಯಾವುದಾದರೊಂದು ಸೈಡ್ ಕೆಲಸ ಹಿಡಿದಿರುತ್ತದೆ. ಒಬ್ಬಳು ಲೋಗೊ ಮಾಡುತ್ತಾಳೆ, ಇನ್ನೊಬ್ಬಳು ರೀಲ್ಸ್ ಎಡಿಟ್ ಮಾಡುತ್ತಾಳೆ, ನನ್ನಂಥವರು ಬರೆಯುತ್ತೇವೆ. ಕೋಚಿಂಗ್ ಸೆಂಟರ್‌ನ ವೆಬ್‌ಸೈಟಿಗೆ ಲೇಖನ, ಯಾವುದೋ ಆ್ಯಪ್‌ಗೆ ಕನ್ನಡ ಅನುವಾದ, ಯಾರದೋ ಲಿಂಕ್ಡ್‌ಇನ್ ಪೋಸ್ಟ್ ತಿದ್ದಿಕೊಡುವುದು. ಇದನ್ನು 'ಪಾಕೆಟ್ ಮನಿ' ಎನ್ನುವವರಿದ್ದಾರೆ. ಮನೆಗೆ ಫೋನ್ ಮಾಡಿ ಮೆಸ್ ಬಿಲ್‌ಗೆ ದುಡ್ಡು ಕೇಳಲಾಗದವರಿಗೆ ಅದು ಸಂಬಳ.

2025ರಲ್ಲಿ ನಮ್ಮ ರಾಜ್ಯ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ತಂದಾಗ 'ನಾವೂ ಗಿಗ್ ವರ್ಕರ್ಸೇ ಅಲ್ವಾ?' ಎಂಬ ತಮಾಷೆ ಕ್ಲಾಸ್ ಗ್ರೂಪ್‌ನಲ್ಲಿ ಓಡಾಡಿತು. ಉತ್ತರ ಹುಡುಕುತ್ತಾ ಕೂತೆ. ಕಾಯ್ದೆಯ ಪಟ್ಟಿಯಲ್ಲಿ ಟ್ಯಾಕ್ಸಿ, ಫುಡ್ ಡೆಲಿವರಿ, ಲಾಜಿಸ್ಟಿಕ್ಸ್ ಜತೆಗೆ 'ಕಂಟೆಂಟ್ ಮತ್ತು ಮೀಡಿಯಾ ಸೇವೆ'ಯೂ ಇದೆ! ಆದರೆ ಮುಂದೆ ಓದಿದಂತೆ ಖುಷಿ ಇಳಿಯಿತು. ಇಡೀ ಕಾಯ್ದೆ ನಿಂತಿರುವುದು ಅಗ್ರಿಗೇಟರ್ ಎಂಬ ಮಧ್ಯವರ್ತಿಯ ಮೇಲೆ. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕು. ಮಳೆಯಲ್ಲಿ ಬೈಕ್ ಓಡಿಸುವವರಿಗೆ ಇದು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮಗೆ ಕೆಲಸ ಬರುವುದು ಆ್ಯಪ್‌ನಿಂದಲ್ಲ, ಸೀನಿಯರ್ ಫಾರ್ವರ್ಡ್ ಮಾಡಿದ ವಾಟ್ಸ್‌ಆ್ಯಪ್ ನಂಬರಿನಿಂದ. ಅಲ್ಲಿ ಅಗ್ರಿಗೇಟರೂ ಇಲ್ಲ, ಒಪ್ಪಂದವೂ ಇಲ್ಲ. ಇರುವುದು ಒಬ್ಬ ಕ್ಲೈಂಟ್, ಎರಡು ಬ್ಲೂ ಟಿಕ್.

ಫೈವರ್‌ನಂಥ ತಾಣಗಳಿವೆಯಲ್ಲ ಎನ್ನಬಹುದು. ಅಲ್ಲಿ ಗಳಿಕೆಯ ಶೇ 20 ಕಮಿಷನ್‌ಗೆ ಹೋಗುತ್ತದೆ. ಆದರೆ ಗ್ರಾಹಕ ಮೊದಲೇ ಹಣ ಕಟ್ಟಿರುತ್ತಾನೆ. ಆ ಶೇ 20 ಒಂದು ರೀತಿ 'ದುಡ್ಡು ಸಿಗುತ್ತದೆ' ಎಂಬ ನೆಮ್ಮದಿಯ ಬೆಲೆ. ಕೋಚಿಂಗ್ ಸೆಂಟರ್ ಮಾಲೀಕರಂತೂ ಕನ್ನಡ ಲೇಖನಕ್ಕಾಗಿ ಅಲ್ಲಿ ಹುಡುಕಿಕೊಂಡು ಬರುವುದಿಲ್ಲ.

ನಮ್ಮ ದೊಡ್ಡ ತಲೆನೋವು ಈ ದುಡ್ಡಿನದೇ. ಕ್ಲೈಂಟ್ ಒಬ್ಬರಿಗೆ 12 ಲೇಖನ ಬರೆದುಕೊಟ್ಟೆ. ತಲಾ 800 ಪದ, ಪದಕ್ಕೆ 50 ಪೈಸೆ, ಒಟ್ಟು 4,800 ರೂಪಾಯಿ. 'ಅಕೌಂಟ್ಸ್‌ನವರಿಗೆ ಹೇಳಿದ್ದೇನೆ' ಎಂಬ ಉತ್ತರ ನಾಲ್ಕು ತಿಂಗಳಿಂದ ಬರುತ್ತಲೇ ಇದೆ. ಆ ಅಕೌಂಟ್ಸ್‌ನವರು ಇದ್ದಾರೋ ಇಲ್ಲವೋ ದೇವರೇ ಬಲ್ಲ. ಲೇಖನಗಳು ಮಾತ್ರ ಮೊದಲ ವಾರದಿಂದಲೇ ಅವರ ವೆಬ್‌ಸೈಟಿನಲ್ಲಿವೆ.

ಹಾಗಂತ ಕಾನೂನೇ ಇಲ್ಲ ಎಂದಲ್ಲ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಇದ್ದರೂ ಖರೀದಿದಾರ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ! ಇದು ಸೇವೆ ಒದಗಿಸುವವರಿಗೂ ಅನ್ವಯ. ಆಧಾರ್, ಪ್ಯಾನ್ ಇದ್ದರೆ 'ಉದ್ಯಮ್' ನೋಂದಣಿ ಉಚಿತ. ಕೆಲಸ ಶುರು ಮಾಡುವ ಮೊದಲೇ ಮಾಡಿಸಿಕೊಂಡಿದ್ದರೆ ಕ್ಷೇಮ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಎಲ್ಲ ಸರಿ, ಆದರೆ ಇಂಟರ್ನಲ್ಸ್ ನಡುವೆ 4,800 ರೂಪಾಯಿಗಾಗಿ ಕೌನ್ಸಿಲ್ ಮುಂದೆ ಹೋಗುವವರು ಯಾರು? ಹೋದರೆ ಆ ಕ್ಲೈಂಟ್ ಮಾತ್ರವಲ್ಲ, ನಂಬರ್ ಕೊಟ್ಟ ಸೀನಿಯರ್ ಕೂಡ ದೂರವಾಗುತ್ತಾರೆ.

ಈಗ ಎಐ ಇದನ್ನು ಇನ್ನಷ್ಟು ಕೆಡಿಸಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ನಾನಿನ್ನೂ ಪಿಯು ವಿದ್ಯಾರ್ಥಿನಿ. ಹಾಗಾಗಿ ಅದಕ್ಕೂ ಮುಂಚಿನ 'ಒಳ್ಳೆಯ ಕಾಲ' ನಾನು ಕಂಡಿಲ್ಲ. ನಾನು ಕಂಡಿದ್ದು ಇಷ್ಟು: ಮೊದಲು 'ಬರೆದುಕೊಡಿ' ಎನ್ನುತ್ತಿದ್ದವರು ಈಗ ಎಐ ಬರೆದದ್ದನ್ನು ಕಳಿಸಿ 'ಸ್ವಲ್ಪ ತಿದ್ದಿ, ಬರೆಯೋದೇನಿಲ್ಲ' ಎನ್ನುತ್ತಾರೆ. ಪದಕ್ಕೆ 15 ಪೈಸೆ. 'ಬೇಸಿಗೆ ಬ್ಯಾಚ್ ಬಿಸಿಯಾಗಿ ಮಾರಾಟವಾಗುತ್ತಿದೆ' ಎಂಬಂಥ ವಾಕ್ಯಗಳನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭ. ಅದರಲ್ಲಿರುವ ಶುಲ್ಕ, ದಿನಾಂಕ ಸರಿಯೇ ಎಂದೂ ನಾವೇ ಪರೀಕ್ಷಿಸಬೇಕು. ಕೆಲಸ ಹೆಚ್ಚಾಯಿತು, ಬಿಲ್ ಚಿಕ್ಕದಾಯಿತು. ಬಿಲ್ ಚಿಕ್ಕದಾದಷ್ಟೂ ಕೊಡದೆ ತಪ್ಪಿಸಿಕೊಳ್ಳುವುದು ಸುಲಭ. 1,440 ರೂಪಾಯಿಗೆ ಯಾರೂ ದೂರು ಕೊಡುವುದಿಲ್ಲ ಎಂಬುದು ಕ್ಲೈಂಟ್‌ಗೂ ಗೊತ್ತು.

ನ್ಯೂಯಾರ್ಕ್ ನಗರ 2017ರಲ್ಲೇ ಫ್ರೀಲಾನ್ಸರ್‌ಗಳಿಗಾಗಿ ಪ್ರತ್ಯೇಕ ಕಾನೂನು ಜಾರಿ ಮಾಡಿತು. 800 ಡಾಲರ್ ಅಥವಾ ಹೆಚ್ಚಿನ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ, ಪಾವತಿಯ ದಿನ ಹೇಳಿರದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ. ಮಧ್ಯದಲ್ಲಿ ಆ್ಯಪ್ ಇದೆಯೇ ಎಂದು ಅದು ಕೇಳುವುದಿಲ್ಲ. 2024ರಲ್ಲಿ ಇಡೀ ರಾಜ್ಯಕ್ಕೂ ಅಂಥದ್ದೇ ಕಾನೂನು ಬಂತು. ಗಿಗ್ ಕಾಯ್ದೆಯಲ್ಲಿ 'ಕಂಟೆಂಟ್' ಎಂಬ ಪದ ಸೇರಿಸುವಷ್ಟು ಮುಂದೆ ಯೋಚಿಸಿದ ನಮ್ಮ ಸರ್ಕಾರಕ್ಕೆ, ನೇರವಾಗಿ ಕ್ಲೈಂಟ್‌ಗೆ ದುಡಿಯುವವರನ್ನು ಸೇರಿಸಲು ಇನ್ನೊಂದು ಹೆಜ್ಜೆ ಕಷ್ಟವೇ? ಒಂದೇ ಪುಟದ ಮಾದರಿ ಒಪ್ಪಂದ, ಸಣ್ಣ ಮೊತ್ತದ ದೂರಿಗೆ ಫೋನಿನಲ್ಲೇ ವಿಚಾರಣೆ, ಇಷ್ಟಿದ್ದರೂ ಸಾಕು.

ಅಲ್ಲಿಯವರೆಗೆ ನಮ್ಮ ಕಾರಿಡಾರ್‌ನ ನಿಯಮ ಅರ್ಧ ಹಣ ಅಡ್ವಾನ್ಸ್. ಅಡ್ವಾನ್ಸ್ ಎಂಬ ಪದ ಕಂಡಕೂಡಲೇ ಬಹಳಷ್ಟು ಕ್ಲೈಂಟ್‌ಗಳು ಆನ್‌ಲೈನ್ ಇದ್ದರೂ ಉತ್ತರಿಸುವುದಿಲ್ಲ. ಉಳಿದವರ ಕೆಲಸ ಮಾಡುತ್ತಿದ್ದೇವೆ.