ಸೋರುವ ಪಂಪನ್ನೂ ಮೇಳಕ್ಕೆ ತನ್ನಿ



ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ವಿಜ್ಞಾನ ಮೇಳಕ್ಕೆಂದು ನಮ್ಮ ಶಾಲೆಯ ಒಂಬತ್ತನೇ ತರಗತಿಯ ನಾಲ್ವರು ಒಂದು ಕೈಪಂಪು ಮಾಡಿದ್ದರು. ಕಯಾಕ್ ದೋಣಿಯೊಳಗೆ ತುಂಬಿದ ನೀರನ್ನು ಹೊರಹಾಕುವ ಪಂಪು ಅದು. ಮೇಳದ ಹಿಂದಿನ ಸಂಜೆ ನೋಡಿದರೆ ಸೋರುತ್ತಿತ್ತು. "ಇದು ಬೇಡ, ಪೇಟೆಯಿಂದ ರೆಡಿಮೇಡ್ ಒಂದು ತಂದು ಇಡುವ" ಅಂದೆ. ಗುಂಪಿನಲ್ಲಿದ್ದ ಹುಡುಗಿಯೊಬ್ಬಳ ಅಪ್ಪ ಹೊಳೆಯಲ್ಲಿ ಮರುವಾಯಿ ತೆಗೆಯುವವರು. ಅವಳು ಮೆಲ್ಲಗೆ ಕೇಳಿದಳು, "ಮಾಷ್ಟ್ರೇ, ಹೊಳೆಯ ನಡುವೆ ಸೋರಿದ್ರೆ ಪೇಟೆಗೆ ಹೋಗ್ಲಿಕ್ಕೆ ಆಗ್ತದಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆದರೂ ರೆಡಿಮೇಡ್ ಪಂಪನ್ನೇ ಇಟ್ಟೆವು. ತೀರ್ಪುಗಾರರು "ಬಿಚ್ಚಿ ತೋರಿಸಿ" ಅಂದರು. ಅಂಟಿಸಿ ಮುಚ್ಚಿದ್ದ ಅದನ್ನು ಬಿಚ್ಚಲು ಆಗಲಿಲ್ಲ. ತಾವು ಮಾಡಿದ ಪಂಪಿನ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ ಮಕ್ಕಳು ಅಲ್ಲಿ ಎರಡು ವಾಕ್ಯ ಹೇಳಿ ಸುಮ್ಮನಾದರು.

ಈ ಪಂಪು ಯಾಕೆ ಬೇಕು? ನಮ್ಮ ತೆರೆದ ದೋಣಿಯಲ್ಲಿ ನೀರು ತುಂಬಿದರೆ ಡಬ್ಬದಿಂದ ಮೊಗೆದು ಚೆಲ್ಲಬಹುದು. ವಲಿಯಪರಂಬದ ಹಿನ್ನೀರಿನಲ್ಲಿ ಪ್ರವಾಸಿಗರು ನಡೆಸುವ ಕಯಾಕ್ ಅನ್ನು ನೀವು ನೋಡಿರಬಹುದು. ಅದರಲ್ಲಿ ಒಂದು ಬಗೆಯದಕ್ಕೆ ಮೇಲ್ಭಾಗವೂ ಮುಚ್ಚಿರುತ್ತದೆ, ಕೂರುವಷ್ಟೇ ತೆರಪು. ಅಲ್ಲಿ ಮೊಗೆಯುವುದು ಕಷ್ಟ. 20 ಲೀಟರ್ ನೀರು ಅಂದರೆ 20 ಕಿಲೋ ಭಾರ. ಭಾರಕ್ಕಿಂತ ದೊಡ್ಡ ಅಪಾಯ ಎಂದರೆ ಆ ನೀರು ಒಂದೇ ಕಡೆ ನಿಲ್ಲುವುದಿಲ್ಲ. ದೋಣಿ ಯಾವ ಕಡೆ ವಾಲುತ್ತದೋ ಅದೇ ಕಡೆ ಹರಿದು ಇನ್ನಷ್ಟು ವಾಲಿಸುತ್ತದೆ.

ಅಲಾಸ್ಕಾದ ಅಲ್ಯೂಟ್ ಜನ ಇದಕ್ಕೆ ಮರದ ಕೊಳವೆಯೊಂದನ್ನು ಬಳಸುತ್ತಿದ್ದರು. ಬಾಯಿಂದ ಎಳೆದು ಕೊಳವೆಯಲ್ಲಿ ನೀರು ತುಂಬಿಸಿ, ಮೇಲಿನ ತೂತು ಮುಚ್ಚಿ, ಎತ್ತಿ ಹೊರಗೆ ಬಿಡುವುದು. ನಮ್ಮ ಲ್ಯಾಬಿನ ಪಿಪೆಟ್ಟೂ ಹಾಗೆಯೇ ಅಲ್ಲವೇ? ಎರಡರಲ್ಲೂ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ.

ನಮ್ಮ ಮಕ್ಕಳ ಪಂಪಿಗೆ ಬೇಕಾದದ್ದು 2 ಇಂಚಿನ ಪಿವಿಸಿ ಪೈಪು, ತುದಿಗೆ ಮುಚ್ಚಳ, ಮೇಲ್ಗಡೆ ನೀರು ಹೊರಹೋಗಲು ಟಿ ಜಾಯಿಂಟು, ಹಿಡಿಗೆ ಸಪೂರ ಪೈಪು. ಹಳೆಯ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದರೆ ಪಿಸ್ಟನ್. ಸೈಕಲ್ ಟ್ಯೂಬಿನ ತುಂಡುಗಳೇ ಕವಾಟ. ತಳದ ಮುಚ್ಚಳಕ್ಕೊಂದು ತೂತು, ಒಳಗಿನಿಂದ ಅದರ ಮೇಲೊಂದು ಟ್ಯೂಬಿನ ತುಂಡು. ಪಿಸ್ಟನ್ನಿಗೂ ತೂತುಗಳು, ಮೇಲಿಂದ ಇನ್ನೊಂದು ತುಂಡು. ತುಂಡಿನ ಒಂದು ಬದಿಯನ್ನು ಮಾತ್ರ ಸ್ಕ್ರೂ ಹಾಕಿ ಬಿಗಿಯಬೇಕು. ಹಿಡಿಯನ್ನು ಮೇಲೆಳೆದರೆ ತಳದ ಕವಾಟ ತೆರೆದು ನೀರು ಒಳಬರುತ್ತದೆ. ಕೆಳಗೊತ್ತಿದರೆ ಅದು ಮುಚ್ಚಿ, ನೀರು ಪಿಸ್ಟನ್ನಿನ ತೂತಿನ ಮೂಲಕ ಮೇಲೇರುತ್ತದೆ. ಮತ್ತೆ ಎಳೆದಾಗ ಆ ನೀರು ಹೊರಗೆ! ಊರಿನ ಬೋರ್‌ವೆಲ್ ಕೈಪಂಪಿನಲ್ಲೂ ಇಂಥ ಎರಡು ಕವಾಟಗಳೇ ಇರುವುದು.

ಈಗ ಲೆಕ್ಕ. ಪೈಪಿನ ಒಳವ್ಯಾಸ 5 ಸೆ.ಮೀ., ಎಳೆತ 30 ಸೆ.ಮೀ. ಆದರೆ ಒಂದು ಎಳೆತಕ್ಕೆ ಸುಮಾರು 589 ಮಿ.ಲೀ. ಬರಬೇಕು. ಹತ್ತು ಎಳೆತಕ್ಕೆ 5.9 ಲೀಟರ್. ಮೇಳ ಮುಗಿದ ಮೇಲೆ ಅಳೆದಾಗ ಸಿಕ್ಕಿದ್ದು 3.2 ಲೀಟರ್. ಉಳಿದದ್ದು ಎಲ್ಲಿ ಹೋಯಿತು? ನನಗೆ ಈ ಪ್ರಶ್ನೆಯೇ ವಿಜ್ಞಾನ.

ಮಕ್ಕಳು ಹುಡುಕಿದರು. ನೀರು ತುಂಬಿದ ಪಂಪನ್ನು ಎತ್ತಿ ಹಿಡಿದರೆ ತಳದಿಂದ ತೊಟ್ಟಿಕ್ಕುತ್ತಿತ್ತು, ಅಂದರೆ ತಪ್ಪು ತಳದ ಕವಾಟದ್ದು. ಬಿಚ್ಚಿದರೆ ತೂತಿನ ಅಂಚು ಒರಟು, ಟ್ಯೂಬಿನ ಅಡಿಯಲ್ಲಿ ನಾಲ್ಕು ಹರಳು ಮರಳು. ಅಂಚನ್ನು ಮರಳು ಕಾಗದದಿಂದ ಉಜ್ಜಿದರು, ಕೆಳಗೆ ಬಲೆಯ ತುಂಡು ಕಟ್ಟಿದರು. ಮತ್ತೆ ಅಳೆದರೆ 4.8 ಲೀಟರ್. ಈ ಎರಡು ಸಂಖ್ಯೆಗಳು ಮೇಳದ ಮೇಜಿನ ಮೇಲೆ ಇರಬೇಕಿತ್ತು. ಇರಲಿಲ್ಲ, ಯಾಕೆಂದರೆ ನಾನು ಸೋರಿಕೆಗೆ ನಾಚಿಕೊಂಡೆ.

ಚೆಂದದ ಮಾದರಿಗೆ ಬಹುಮಾನ ಸಿಗುತ್ತದೆ ಎನ್ನುತ್ತೀರಿ. ನಿಜ, ಎಷ್ಟೋ ಸಲ ಹಾಗೇ ಆಗುತ್ತದೆ. ಅದು ನಾವು ದೊಡ್ಡವರು ತಿದ್ದಿಕೊಳ್ಳಬೇಕಾದದ್ದು. ನೀವು ಮಾಡಬಹುದಾದದ್ದು ಒಂದಿದೆ. ಈ ಸಲ ನಿಮ್ಮ ಮಾದರಿಯ ಪಕ್ಕದಲ್ಲಿ ಮೂರು ಸಾಲಿನ ಚೀಟಿ ಇಡಿ. ಲೆಕ್ಕದಲ್ಲಿ ಎಷ್ಟು ಬರಬೇಕಿತ್ತು, ಎಷ್ಟು ಬಂತು, ವ್ಯತ್ಯಾಸ ಯಾಕೆ. ಗೊತ್ತಾಗದಿದ್ದರೆ "ಇನ್ನೂ ಹುಡುಕುತ್ತಿದ್ದೇವೆ" ಎಂದು ಬರೆಯಿರಿ.

ಹತ್ತಿರ ಹೊಳೆಯಿಲ್ಲದ ಜತ್ತ, ಮಡಕಶಿರಾ ಕಡೆಯ ಮಕ್ಕಳೇ, ಪರೀಕ್ಷೆಗೆ ಒಂದು ಬಕೆಟ್ ನೀರು ಧಾರಾಳ ಸಾಕು. ಹೊಳೆ ಇರುವವರೂ ಬಕೆಟ್‌ನಲ್ಲೇ ಮಾಡಿ. ಲೈಫ್ ಜಾಕೆಟ್ ಮತ್ತು ದೊಡ್ಡವರು ಇಲ್ಲದೆ ದೋಣಿ ಹತ್ತಬೇಡಿ. ಪೈಪು ಕೊಯ್ಯುವಾಗ, ಅಂಟು ಹಾಕುವಾಗಲೂ ದೊಡ್ಡವರು ಜೊತೆಗಿರಲಿ.

ಆ ನಾಲ್ವರು ಈಗ ಹತ್ತನೇ ತರಗತಿ. ಅವರ ಪಂಪು ನಮ್ಮ ಲ್ಯಾಬಿನಲ್ಲಿದೆ, ಈಗಲೂ ತುಸು ಸೋರುತ್ತದೆ. ಈ ವರ್ಷದ ಮೇಳಕ್ಕೆ ಅದನ್ನೇ ಕೊಂಡೊಯ್ಯುತ್ತೇವೆ.