ಕಾಡು ಕಾಯಲು ಯಾವ ಓದು?

ಮೈಸೂರಿನ ಅಶೋಕಪುರಂ ನಿಲ್ದಾಣದಲ್ಲಿ ಚಾಮರಾಜನಗರದ ರೈಲು ಹತ್ತಿದವರಿಗೆ ಕಾಡಿನ ಸೀಮೆ ದೂರವೇನಲ್ಲ. ನಂಜನಗೂಡು ದಾಟಿ ಆ ರೈಲು ಸೇರುವ ಜಿಲ್ಲೆಯ ಸರಿಸುಮಾರು ಅರ್ಧದಷ್ಟು ನೆಲ ಅರಣ್ಯವೇ ಆಗಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆಯ್ಕೆಯಾದ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟ ಅದೇ ಜಿಲ್ಲೆಯಲ್ಲಿವೆ. ಮೈಸೂರಿನ ಇನ್ನೊಂದು ದಿಕ್ಕಿಗೆ ನಾಗರಹೊಳೆಯಿದೆ. ಇಷ್ಟು ಸಮೀಪದಲ್ಲಿದ್ದರೂ, ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಮುಂದೇನು ಎಂಬ ಚರ್ಚೆ ನಡೆಯುವಾಗ ಕಾಡು ಅದರೊಳಗೆ ಬರುವುದು ಅಪರೂಪ. ಬಂದರೂ, ‘ಅದಕ್ಕೆ ಏನು ಓದಬೇಕು?’ ಎಂಬ ಪ್ರಶ್ನೆಯ ಬಳಿ ಮಾತು ನಿಂತುಬಿಡುತ್ತದೆ.

ಅಶೋಕಪುರಂ ಅಂಬೇಡ್ಕರ್ ಅವರ ಚಿಂತನೆಯನ್ನು ಮೈಗೂಡಿಸಿಕೊಂಡ ಬಡಾವಣೆ. ಶಿಕ್ಷಣವೇ ಬಿಡುಗಡೆಯ ಮೊದಲ ಮೆಟ್ಟಿಲೆಂದು ನಂಬಿ, ಹೊಟ್ಟೆ ಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದ ಕುಟುಂಬಗಳು ಇಲ್ಲಿವೆ. ಇಂಥ ಮನೆಯ ಮೊದಲ ತಲೆಮಾರಿನ ಪದವೀಧರರಿಗೆ ತಪ್ಪು ಕೋರ್ಸು ಆಯ್ದುಕೊಂಡು ನಾಲ್ಕು ವರ್ಷಗಳ ನಂತರ ಹೊಸದಾಗಿ ಆರಂಭಿಸುವ ಅನುಕೂಲ ಇರುವುದಿಲ್ಲ. ಆದ್ದರಿಂದ ನಿಸರ್ಗ ಸಂರಕ್ಷಣೆಯ ವೃತ್ತಿಗೆ ಯಾವ ವಿದ್ಯಾರ್ಹತೆ ಸರಿ ಎಂಬುದು ಕೇವಲ ವೃತ್ತಿ ಮಾರ್ಗದರ್ಶನದ ವಿಷಯವಾಗಿ ಉಳಿಯುವುದಿಲ್ಲ. ನಮ್ಮ ಕಾಡುಗಳನ್ನು ಯಾರು ನಿರ್ವಹಿಸಬೇಕು, ಅವುಗಳ ಬಗ್ಗೆ ಯಾರು ತೀರ್ಮಾನ ಕೈಗೊಳ್ಳಬೇಕು ಎಂಬ ದೊಡ್ಡ ಪ್ರಶ್ನೆಯೂ ಅದರೊಳಗಿದೆ.

ಹದಿನಾರರಲ್ಲೇ ಮುಚ್ಚುವ ಬಾಗಿಲು

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಈ ಕ್ಷೇತ್ರದ ಅನೇಕ ಬಾಗಿಲುಗಳು ಪದವಿಗೆ ಬಹಳ ಮುಂಚೆ, ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಮುಚ್ಚಿಹೋಗುತ್ತವೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಲು ಪಶುವೈದ್ಯಕೀಯ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಭೂವಿಜ್ಞಾನ, ಗಣಿತ, ಸಂಖ್ಯಾಶಾಸ್ತ್ರ ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಹೊಂದಿರಬೇಕು. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದಿದವರು ಎಷ್ಟೇ ಪ್ರತಿಭಾವಂತರಾಗಿದ್ದರೂ ಜಿಲ್ಲಾಧಿಕಾರಿಯಾಗಬಲ್ಲರು, ಐಎಫ್ಎಸ್ ಅಧಿಕಾರಿಯಾಗಲಾರರು. 2013ರಿಂದ ಈ ಸೇವೆಗೂ ನಾಗರಿಕ ಸೇವೆಗಳಿಗೂ ಪೂರ್ವಭಾವಿ ಪರೀಕ್ಷೆ ಒಂದೇ ಆಗಿರುವುದರಿಂದ ಸ್ಪರ್ಧೆ ತೀವ್ರವಾಗಿದೆ. ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅರಣ್ಯ ಸೇವೆಯದ್ದನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು.

ರಾಜ್ಯ ಅರಣ್ಯ ಇಲಾಖೆಯ ಕೆಳಹಂತದ ಹುದ್ದೆಗಳಿಗೆ ದಾರಿ ಹೆಚ್ಚು ಸರಳ. ಗಸ್ತು ಅರಣ್ಯ ಪಾಲಕ, ಅಂದರೆ ಜನ ಇಂದಿಗೂ ‘ಗಾರ್ಡ್’ ಎಂದೇ ಕರೆಯುವ ಹುದ್ದೆಗೆ ಪಿಯುಸಿ ಮತ್ತು ದೈಹಿಕ ಸಾಮರ್ಥ್ಯ ಸಾಕು. 2023ರ ಕೊನೆಯಲ್ಲಿ ಇಲಾಖೆ ಇಂಥ 540 ಹುದ್ದೆಗಳಿಗೆ ಅರ್ಜಿ ಕರೆಯಿತು. ಬೇಗ ಸಂಬಳ ಬೇಕಾದ ಮನೆಗೆ ಇದು ಘನವಾದ ಉದ್ಯೋಗವೇ ಸರಿ. ಆದರೆ ಅದರ ಕಷ್ಟವನ್ನು ಮರೆಮಾಚಬಾರದು. 2017ರಲ್ಲಿ ಬಂಡೀಪುರದ ಕಾಳ್ಗಿಚ್ಚು ಅರಣ್ಯ ರಕ್ಷಕರೊಬ್ಬರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಐಎಫ್ಎಸ್ ಅಧಿಕಾರಿ ಎಸ್. ಮಣಿಕಂದನ್ ಆನೆ ದಾಳಿಯಲ್ಲಿ ಮೃತಪಟ್ಟರು. ಕಾಡಿನಲ್ಲಿ ಅಪಾಯ ಹುದ್ದೆ ನೋಡಿ ಬರುವುದಿಲ್ಲ. ಬಡ್ತಿ ಮಾತ್ರ ಹುದ್ದೆ ನೋಡಿಯೇ ಬರುತ್ತದೆ. ಗಾರ್ಡ್ ಆಗಿ ಸೇರಿದವರು ಇಡೀ ಸೇವಾವಧಿಯಲ್ಲಿ ಏರಬಹುದಾದ ಮೆಟ್ಟಿಲುಗಳು ಕೆಲವೇ.

ಅರಣ್ಯಶಾಸ್ತ್ರ ಪದವಿಯ ಬಿಕ್ಕಟ್ಟು

ಇವೆರಡರ ನಡುವೆ ಇರುವುದು ನಾಲ್ಕು ವರ್ಷಗಳ ಬಿ.ಎಸ್ಸಿ. ಅರಣ್ಯಶಾಸ್ತ್ರ. ರಾಜ್ಯದಲ್ಲಿ ಇದನ್ನು ಕಲಿಸುವ ಸರ್ಕಾರಿ ಕಾಲೇಜುಗಳಲ್ಲಿ ಪ್ರಮುಖವಾದವು ಶಿರಸಿ ಮತ್ತು ಕೊಡಗಿನ ಪೊನ್ನಂಪೇಟೆಯವು. ಮರದ ಬೆಳವಣಿಗೆಯಿಂದ ಹಿಡಿದು ವನ್ಯಜೀವಿ ನಿರ್ವಹಣೆಯವರೆಗೆ ಇಲ್ಲಿ ವೃತ್ತಿಗೆ ನೇರವಾಗಿ ಬೇಕಾದುದನ್ನು ಕಲಿಸಲಾಗುತ್ತದೆ. ವಲಯ ಅರಣ್ಯಾಧಿಕಾರಿಗಳ ನೇರ ನೇಮಕಾತಿಯಲ್ಲಿ ಈ ಪದವೀಧರರಿಗೆ ಪ್ರತ್ಯೇಕ ಪಾಲನ್ನೂ ನಿಗದಿಪಡಿಸಲಾಗಿದೆ. ಹಾಗಾದರೆ ಇದೇ ಸರಿಯಾದ ಅರ್ಹತೆ ಎಂದು ಹೇಳಿಬಿಡಬಹುದಲ್ಲವೇ?

ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ಆ ಪಾಲು ಎಷ್ಟಿರಬೇಕೆಂಬುದೇ ವರ್ಷಗಳಿಂದ ವಿವಾದದ ವಸ್ತು. ಈ ಪದವಿಯನ್ನೇ ಕನಿಷ್ಠ ವಿದ್ಯಾರ್ಹತೆಯಾಗಿಸಬೇಕೆಂದು ಒತ್ತಾಯಿಸಿ ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿ ಬೀದಿಗಿಳಿದದ್ದುಂಟು. ಅವರ ವಾದದಲ್ಲಿ ಹುರುಳಿದೆ. ಪಶುವೈದ್ಯರ ಹುದ್ದೆಗೆ ಪಶುವೈದ್ಯಕೀಯ ಓದಿರಬೇಕೆಂದಾದರೆ ಅರಣ್ಯಾಧಿಕಾರಿಯ ಹುದ್ದೆಗೆ ಅರಣ್ಯಶಾಸ್ತ್ರ ಏಕೆ ಬೇಡ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬೆರಳೆಣಿಕೆಯ ಕಾಲೇಜುಗಳ ಕೆಲವೇ ಸೀಟುಗಳಿಂದ ಹೊರಬರುವವರಿಗಷ್ಟೇ ಬಾಗಿಲು ತೆರೆದರೆ, ಆ ಸೀಟುಗಳು ಯಾರಿಗೆ ಸಿಗುತ್ತವೆ ಎಂಬುದೇ ನಿರ್ಣಾಯಕವಾಗುತ್ತದೆ. ಸಿಇಟಿ ಮೂಲಕ ನಡೆಯುವ ಈ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ದೊಡ್ಡ ಪಾಲು ಮೀಸಲಿದೆ. ಗ್ರಾಮೀಣ ಮಕ್ಕಳಿಗೆ ನೆರವಾಗುವ ಆ ಉದ್ದೇಶ ಒಳ್ಳೆಯದೇ. ಆದರೆ ತಲೆಮಾರುಗಳಿಂದ ಭೂಮಿ ಇಲ್ಲದ, ನಗರದ ಕಾರ್ಮಿಕ ಬಡಾವಣೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಆ ಪಾಲು ದಕ್ಕುವುದಿಲ್ಲ. ಪರಿಶಿಷ್ಟ ಜಾತಿಯ ಮೀಸಲಾತಿ ಇದೆಯೆನ್ನುವುದು ನಿಜ. ಭೂಮಿಯಿಲ್ಲದಿರುವುದೂ ಒಂದು ಅನನುಕೂಲ ಎಂಬುದನ್ನು ಮಾತ್ರ ಈ ಲೆಕ್ಕಾಚಾರ ಗಣಿಸುವುದಿಲ್ಲ.

ಇದರ ಜೊತೆಗೆ ನೇಮಕಾತಿಯ ಅನಿಶ್ಚಿತತೆಯೂ ಇದೆ. ಒಳಮೀಸಲಾತಿ ಪ್ರಶ್ನೆ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಹೊರಡಿಸದಿರಲು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಪರಿಶಿಷ್ಟರೊಳಗಿನ ಹಂಚಿಕೆಯ ಬಗ್ಗೆ ಸಂಪುಟ ನಿರ್ಧಾರ ಕೈಗೊಂಡದ್ದು 2025ರ ಆಗಸ್ಟ್‌ನಲ್ಲಿ. ಕಾರಣ ಎಷ್ಟೇ ಸಮರ್ಥನೀಯವಾಗಿರಲಿ, ಕಾಯುತ್ತಿದ್ದವರ ವಯಸ್ಸು ಮಾತ್ರ ಕಾಯಲಿಲ್ಲ. ಒಂದೇ ಇಲಾಖೆಯ ಒಂದೇ ಹುದ್ದೆಯನ್ನು ನಂಬಿ ಓದುವುದರ ಅಪಾಯ ಇದು.

ಸಂಶೋಧನೆಯ ದಾರಿ, ಅದರ ಸುಂಕ

ಇಲಾಖೆಯ ಆಚೆಗೂ ಸಂರಕ್ಷಣೆಯ ಕ್ಷೇತ್ರ ವಿಸ್ತಾರವಾಗಿದೆ. 1982ರಲ್ಲಿ ಸ್ಥಾಪನೆಯಾದ ಡೆಹರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ವನ್ಯಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತದೆ. ಬೆಂಗಳೂರಿನ ಏಟ್ರೀಯಲ್ಲಿ ಡಾಕ್ಟರೇಟ್ ಅಧ್ಯಯನಕ್ಕೆ ಅವಕಾಶವಿದೆ. ಮೈಸೂರಿನಲ್ಲಿಯೇ 1996ರಲ್ಲಿ ಆರಂಭವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಹಿಮಾಲಯದಿಂದ ಅಂಡಮಾನ್‌ವರೆಗೆ ಅಧ್ಯಯನ ನಡೆಸುವ ಸಂಸ್ಥೆಯಾಗಿ ಬೆಳೆದಿದೆ. ಹುಲಿ ಗಣತಿಗೆ ವೈಜ್ಞಾನಿಕ ತಳಹದಿ ಒದಗಿಸಿದವರಲ್ಲಿ ಪ್ರಮುಖರಾದ ಉಲ್ಲಾಸ ಕಾರಂತರು ಮೂಲತಃ ಮೆಕ್ಯಾನಿಕಲ್ ಎಂಜಿನಿಯರ್. ವನ್ಯಜೀವಿ ವಿಜ್ಞಾನವನ್ನು ಅವರು ಶಾಸ್ತ್ರೀಯವಾಗಿ ಓದಿದ್ದು ನಂತರ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ. ಮೊದಲ ಪದವಿಯೇ ಕೊನೆಯ ಮಾತಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆದರೆ ಈ ದಾರಿಯಲ್ಲಿ ಕಣ್ಣಿಗೆ ಕಾಣದ ಸುಂಕವೊಂದಿದೆ. ಈ ಸಂಸ್ಥೆಗಳ ಪ್ರವೇಶಕ್ಕೆ ಕ್ಷೇತ್ರಕಾರ್ಯದ ಅನುಭವ ತೂಕ ತರುತ್ತದೆ. ಅನುಭವ ಸಿಗುವುದು ಸಂಬಳವಿಲ್ಲದ ಅಥವಾ ಅತ್ಯಲ್ಪ ಭತ್ಯೆಯ ತರಬೇತಿಗಳಲ್ಲಿ. ನಂತರವೂ ವರ್ಷಾನುಗಟ್ಟಲೆ ಯೋಜನೆಯಿಂದ ಯೋಜನೆಗೆ ನವೀಕರಣವಾಗುವ ತಾತ್ಕಾಲಿಕ ಕೆಲಸ. ಒಳ್ಳೆಯ ಇಂಗ್ಲಿಷ್, ಕ್ಯಾಮೆರಾ, ದುರ್ಬೀನು, ತಂದೆ–ತಾಯಿಯ ಆಸರೆ ಇರುವವರು ಈ ಕಾಲವನ್ನು ಸಾಹಸವೆಂಬಂತೆ ಕಳೆಯಬಲ್ಲರು. ತಿಂಗಳಿಗಿಷ್ಟು ಹಣ ಮನೆಗೆ ಕಳುಹಿಸಬೇಕಾದವರಿಗೆ ಅದು ಸಾಧ್ಯವಾಗದು. ಇಂಥವರು ಹಿಂದೆ ಸರಿದಾಗ ‘ಆಸಕ್ತಿ ಸಾಲದು’ ಎಂದು ಷರಾ ಬರೆಯುವುದು ಸುಲಭ. ಆಸಕ್ತಿಯನ್ನು ಅಳೆಯುತ್ತಿದ್ದೇವೆಂದು ನಾವು ಭಾವಿಸಿದಲ್ಲಿ ನಿಜವಾಗಿ ಅಳೆಯುತ್ತಿರುವುದು ಮನೆಯ ಆರ್ಥಿಕ ಸ್ಥಿತಿಯನ್ನು.

ಪದವಿ ಇಲ್ಲದ ಜ್ಞಾನ

ಅರ್ಹತೆಯ ಚರ್ಚೆಯಲ್ಲಿ ಮರೆಯಬಾರದ ಹೆಸರು ತುಳಸಿ ಗೌಡ ಅವರದು. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ಈ ಮಹಿಳೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದ ಮೇಲಷ್ಟೇ ಅವರ ಕೆಲಸ ಕಾಯಂ ಆಯಿತು. ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬ ಅವರ ತಿಳಿವಳಿಕೆಯನ್ನು ಅಧಿಕಾರಿಗಳೇ ಮೆಚ್ಚಿದರು. 2021ರ ನವೆಂಬರ್‌ನಲ್ಲಿ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದ ಚಿತ್ರ ದೇಶವನ್ನೇ ಮುಟ್ಟಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಕೊಟ್ಟ ವ್ಯವಸ್ಥೆ, ಅಂಥ ಜ್ಞಾನಕ್ಕೆ ಸೇವೆಯ ನಡುವೆ ಬಡ್ತಿ ಕೊಡುವ ನಿಯಮವನ್ನು ರೂಪಿಸಬಾರದೇಕೆ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಉದಾಹರಣೆ ಇನ್ನೊಂದು ಬಗೆಯದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಗ್ರಾಮಸಭೆಗಳ ಸಮುದಾಯ ಹಕ್ಕನ್ನು 2011ರಲ್ಲಿ ಮಾನ್ಯ ಮಾಡಲಾಯಿತು. ಅದೇ ವರ್ಷ ಆ ಕಾಡು ಹುಲಿ ಮೀಸಲು ಪ್ರದೇಶವೂ ಆಯಿತು. ಸೋಲಿಗ ಸಮುದಾಯದಲ್ಲಿ ಹುಟ್ಟಿ ಡಾಕ್ಟರೇಟ್‌ವರೆಗೆ ಓದಿದ ಸಿ. ಮಾದೇಗೌಡರು ಹಕ್ಕಿನ ಹೋರಾಟ ಮತ್ತು ಸಂಶೋಧನೆ ಎರಡರಲ್ಲಿಯೂ ತೊಡಗಿದ್ದಾರೆ. ಸಂರಕ್ಷಣೆಗೆ ಪ್ರಾಣಿಶಾಸ್ತ್ರ ಬೇಕಾದಷ್ಟೇ ಕಾನೂನು, ಸಮಾಜಕಾರ್ಯ, ಅರ್ಥಶಾಸ್ತ್ರವೂ ಬೇಕು ಎಂಬುದನ್ನು ಇದು ತೋರಿಸುತ್ತದೆ.

ಕಾಡಿನ ಗಡಿಯಾಚೆಗೆ ಬಂದರೆ ಈ ಅಗತ್ಯ ಮತ್ತಷ್ಟು ಸ್ಪಷ್ಟವಾಗುತ್ತದೆ. 2022–23ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಹಲವರು ಬಲಿಯಾದ ನಂತರ ಮೈಸೂರು ಭಾಗಕ್ಕೆ ಚಿರತೆ ಕಾರ್ಯಪಡೆಯನ್ನೇ ರಚಿಸಬೇಕಾಯಿತು. ಚಿರತೆ ಅವಿತಿದ್ದದ್ದು ಅಭಯಾರಣ್ಯದಲ್ಲಲ್ಲ, ಊರಿನ ಹೊಲಗದ್ದೆಗಳ ನಡುವೆ. ಅಲ್ಲಿ ಅರಿವಳಿಕೆ ಮದ್ದು ಹೊಡೆಯುವ ಪಶುವೈದ್ಯರು ಬೇಕು. ಸಿಟ್ಟಿಗೆದ್ದ ಊರವರೊಡನೆ ಅವರದೇ ಕನ್ನಡದಲ್ಲಿ ಮಾತನಾಡಬಲ್ಲವರೂ ಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಹೇಳುತ್ತದೆ. ಈ ಸಮಿತಿಗಳಿಗೆ ತರಬೇತಾದ, ಸಂಬಳ ಪಡೆಯುವ ಒಬ್ಬೊಬ್ಬ ಸಹಾಯಕರನ್ನು ಕೊಟ್ಟರೂ ಕೆರೆ, ಗೋಮಾಳ, ಹುಲ್ಲುಗಾವಲುಗಳ ರಕ್ಷಣೆಗೆ ಹೊಸದೊಂದು ವೃತ್ತಿಯೇ ಹುಟ್ಟುತ್ತದೆ.

ಹಾಗಾದರೆ ಯಾವುದು ಸರಿ?

ಇಷ್ಟನ್ನು ಗಮನದಲ್ಲಿಟ್ಟು ನೋಡಿದರೆ, ಬೇಗ ದುಡಿಯುವ ಬಾಗಿಲನ್ನೂ ಮುಂದೆ ಏರುವ ಬಾಗಿಲನ್ನೂ ಒಟ್ಟಿಗೆ ತೆರೆದಿಡುವ ಓದೇ ಸರಿಯಾದ ಓದು. ಪಿಯುಸಿಯಲ್ಲಿ ಜೀವಶಾಸ್ತ್ರ ಮತ್ತು ಗಣಿತ ಎರಡನ್ನೂ ಇಟ್ಟುಕೊಂಡ ವಿದ್ಯಾರ್ಥಿಗೆ ಅರಣ್ಯಶಾಸ್ತ್ರ, ಪಶುವೈದ್ಯಕೀಯ, ಕೃಷಿ, ಬಿ.ಎಸ್ಸಿ., ಎಂಜಿನಿಯರಿಂಗ್ ಎಲ್ಲಕ್ಕೂ ಪ್ರಯತ್ನಿಸಬಹುದು. ಅರಣ್ಯಶಾಸ್ತ್ರದ ಸೀಟು ಸಿಕ್ಕರೆ ಸಂತೋಷ. ಸಿಗದಿದ್ದರೆ ಮೈಸೂರಿನಲ್ಲಿಯೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮಾಡಿದವರಿಗೂ ಐಎಫ್ಎಸ್ ಪರೀಕ್ಷೆಯಿಂದ ಸಂಶೋಧನೆಯವರೆಗೆ ದಾರಿ ಉಳಿದಿರುತ್ತದೆ. ಈಗಾಗಲೇ ಕಲಾ ವಿಭಾಗದಲ್ಲಿರುವವರು ನಿರಾಶರಾಗಬೇಕಿಲ್ಲ. ಕಾನೂನು ಮತ್ತು ಸಮಾಜಕಾರ್ಯದ ಮೂಲಕ ಅವರು ಈ ಕ್ಷೇತ್ರಕ್ಕೆ ಬರಬಹುದು. ಪರಿಶಿಷ್ಟ ವಿದ್ಯಾರ್ಥಿಗಳು ವಿದೇಶದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಲು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೂ ಇದೆ.

ಆದರೆ ಎಲ್ಲ ಹೊಣೆಯನ್ನೂ ವಿದ್ಯಾರ್ಥಿಯ ಹೆಗಲಿಗೆ ಹಾಕಿ ಸರ್ಕಾರ ಸುಮ್ಮನಿರಲಾಗದು. ಗಾರ್ಡ್ ಆಗಿ ಸೇರಿದವರಿಗೆ ವೇತನಸಹಿತ ರಜೆ ಕೊಟ್ಟು ಅರಣ್ಯಶಾಸ್ತ್ರ ಓದಿಸುವ, ಓದಿದ ಮೇಲೆ ವಲಯ ಅರಣ್ಯಾಧಿಕಾರಿಯವರೆಗೆ ಏರಲು ಪಾಲು ನೀಡುವ ನಿಯಮ ಬೇಕು. ಸಂರಕ್ಷಣಾ ಸಂಸ್ಥೆಗಳು ಸಂಬಳವಿಲ್ಲದ ತರಬೇತಿಯನ್ನು ಕೈಬಿಡಬೇಕು. ಅರಣ್ಯ ಸೇವೆಯ ಪರೀಕ್ಷೆಯನ್ನು ಭಾರತೀಯ ಭಾಷೆಗಳಲ್ಲಿ ಬರೆಯಲು ಅವಕಾಶ ಸಿಗಬೇಕು. ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಲ್ಲಿ ಹತ್ತನೇ ತರಗತಿಯಲ್ಲಿಯೇ ಈ ಮಾಹಿತಿ ದೊರೆಯಬೇಕು. ಪದವಿ ಮುಗಿದ ಮೇಲೆ ತಿಳಿದು ಪ್ರಯೋಜನವಿಲ್ಲ.

ಒಂದು ಕಾಲದಲ್ಲಿ ಕಾಡು ಅರಸರ ಬೇಟೆಗೆ ಮೀಸಲಾಗಿತ್ತು. ಆಮೇಲೆ ಸರ್ಕಾರದ ನಾಟಾಕ್ಕೆ ಮೀಸಲಾಯಿತು. ಇಂದು ಅದು ಎಲ್ಲರದೆಂದು ನಾವು ಹೇಳುತ್ತೇವೆ. ಆ ಮಾತು ನಿಜವಾಗಬೇಕಾದರೆ, ಅಶೋಕಪುರಂನ ನಿಲ್ದಾಣದಿಂದ ರೈಲು ಹತ್ತಿದ ಹುಡುಗಿಗೆ ಕಾಡಿಗೆ ಪ್ರವಾಸಿಯಾಗಿ ಹೋಗಿಬರುವ ಟಿಕೆಟ್ ಮಾತ್ರ ಸಿಕ್ಕರೆ ಸಾಲದು. ಅದನ್ನು ಕಾಯುವ, ಅದರ ಬಗ್ಗೆ ತೀರ್ಮಾನಿಸುವ ಅಧಿಕಾರವೂ ಅವಳಿಗೆ ದೊರೆಯುವಂತಿರಬೇಕು.